ಬಯಲು ಗದ್ದೆಯ ಬೂದು ಮಣ್ಣು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ರೈತರು ಬತ್ತದ ಗದ್ದೆಗಳನ್ನು ಹಿಂದಿನಿಂದಲೂ ಬೆಟ್ಟು, ಮಜಲು, ಬಯಲು ಎಂದು ವಿಂಗಡಿಸಿದ್ದಾರೆ. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮಾತ್ರ. ಮಜಲಿನಲ್ಲಿ ಸುಗ್ಗಿ ಬೆಳೆಯೂ ಸಾಧ್ಯ. ತಗ್ಗಿನ ಬಯಲಿನಲ್ಲಿ ಕೊಳಕೆ ಬೆಳೆಯನ್ನೂ ತೆಗೆಯಬಹುದು. ಬಯಲಿಗೆ ವರವಾದ ಈ ನೀರೇ, ಬಸಿದು ಹೋಗದಿದ್ದಾಗ, ಬೆಳೆಗೆ ಕುತ್ತಾಗುತ್ತದೆ.

ಗುಣಲಕ್ಷಣಗಳು

ಗುಡ್ಡದ ಜಂಬಿಟ್ಟಿಗೆ ಮಣ್ಣಿಗೆ ಕೆಂಪು ಬಣ್ಣ ಬರುವುದು ಆಮ್ಲಜನಕದೊಡನೆ ಕೂಡಿದ ಕಬ್ಬಿಣದಿಂದ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡುವುದಿಲ್ಲ. ಆಗ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಕಬ್ಬಿಣವು ನೀರಿನಲ್ಲಿ ಕರಗುವ ರೂಪ ತಾಳಿ, ಮಣ್ಣು ಬೂದು ಅಥವಾ ನೀಲಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ. ಗಾಳಿ ಇಳಿಯುವ ಬೇರಿನ ಜಾಡಿನಲ್ಲಿ ಮಾತ್ರ ತುಕ್ಕಿನ ಗೆರೆಗಳು ಕಂಡುಬರುತ್ತವೆ.

ವರ್ಗೀಕರಣ

ಬೇಸಿಗೆಯಲ್ಲಿ 2 ಅಡಿ ಆಳದ ಗುಂಡಿ ತೋಡಿ ನೋಡಬೇಕು. ಉತ್ತ ಪದರ ಮಾತ್ರ ಬೂದಾಗಿ, ಅದರ ಕೆಳಗೆ ಕೆಂಪು ಮಣ್ಣಿದ್ದರೆ ಅದು ಕೆಸರು ಮಾಡಿದ್ದರ ಪರಿಣಾಮ. ಕೆಳಗೂ ಬೂದು ಮುಂದುವರಿದಿದ್ದರೆ ಅದೇ ನೀರು ಬಸಿಯದ ಮಣ್ಣು. ಅಮೆರಿಕದ ವರ್ಗೀಕರಣ ಪದ್ಧತಿಯಲ್ಲಿ ಇಂತಹ ಮಣ್ಣಿನಲ್ಲಿ ಪದರಗಳು ತಕ್ಕಮಟ್ಟಿಗೆ ರೂಪುಗೊಂಡಿದ್ದರೆ ಸಾಮಾನ್ಯವಾಗಿ 'ಅಕ್ವೆಪ್ಟ್' ಎಂದೂ, ಪದರ ಮೂಡದ ಹೊಸ ಮೆಕ್ಕಲಾದರೆ 'ಅಕ್ವೆಂಟ್' ಎಂದೂ ಕರೆಯುತ್ತಾರೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಪದ್ಧತಿಯಲ್ಲಿ ಇವು ಬಹುಮಟ್ಟಿಗೆ 'ಗ್ಲೈಸಾಲ್' ಗುಂಪಿಗೆ ಸೇರುತ್ತವೆ.

ರೋಗವಲ್ಲ, ಕಬ್ಬಿಣದ ನಂಜು

ಇಂತಹ ಗದ್ದೆಯಲ್ಲಿ ಪೈರಿನ ಕೆಳ ಎಲೆಗಳ ತುದಿಯಲ್ಲಿ ಸಣ್ಣ ಕಂದು ಚುಕ್ಕೆಗಳು ಮೂಡಿ ಬುಡದತ್ತ ಹರಡುತ್ತವೆ. ಬೇರಿಗೆ ತುಕ್ಕು ಅಂಟಿರುತ್ತದೆ. ಇದನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸಿದರೆ ಹಣ ದಂಡ. ನೀರಿನ ಮೇಲೆ ಎಣ್ಣೆಯಂತಹ ಪೊರೆ ಇದ್ದಲ್ಲಿ ಕಡ್ಡಿಯಿಂದ ಕಲಕಬೇಕು. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆ ಚೂರುಚೂರಾಗಿ ಒಡೆಯುತ್ತದೆ.

ಸುಧಾರಣಾ ಕ್ರಮಗಳು

1. ಗುಡ್ಡದಿಂದ ಜಿನುಗುವ ನೀರು ಕಬ್ಬಿಣವನ್ನೂ ತರುವುದರಿಂದ, ಗದ್ದೆಯ ಮೇಲಂಚಿನಲ್ಲಿ ಬಸಿಗಾಲುವೆ ತೆಗೆದು ಅದನ್ನು ಹೊರಗೆ ಹರಿಸಬೇಕು.

2. ಅನುಕೂಲವಿದ್ದಲ್ಲಿ, ನಾಟಿಯಾದ 25-30 ದಿನಗಳಿಗೆ ನೀರು ಬಸಿದು, ಮಣ್ಣಿನ ಹಸಿ ಆರದಂತೆ 7-10 ದಿನ ಬಿಡಬೇಕು.

3. ಪೊಟ್ಯಾಷ್ ಕೊರತೆಯಿದ್ದರೆ ನಂಜು ಉಲ್ಬಣಿಸುತ್ತದೆ. ಆದುದರಿಂದ ಮಣ್ಣು ಪರೀಕ್ಷೆಯಂತೆ ಪೊಟ್ಯಾಷ್, ರಂಜಕ, ಸತು ಮತ್ತು ಸುಣ್ಣ ಒದಗಿಸಬೇಕು.

4. ನೈಟ್ರೇಟ್ ರೂಪದ ಸಾರಜನಕ ಇಲ್ಲಿ ಅನಿಲವಾಗಿ ನಷ್ಟವಾಗುತ್ತದೆ. ಯೂರಿಯಾ ಅಥವಾ ಅಮೋನಿಯಂ ರೂಪದ ಗೊಬ್ಬರ ಸೂಕ್ತ.

ಇವುಗಳಲ್ಲಿ ಬಸಿಗಾಲುವೆಯೇ ಮೊದಲ ಕೆಲಸ. ಒಂದೇ ಬಯಲಿನ ರೈತರು ಒಟ್ಟುಗೂಡಿ ಮಳೆಗಾಲಕ್ಕೆ ಮುನ್ನ ಇದನ್ನು ಕೈಗೊಂಡರೆ, ಒಬ್ಬರ ಗದ್ದೆಯ ನೀರು ಇನ್ನೊಬ್ಬರ ಗದ್ದೆಯಲ್ಲಿ ನಿಲ್ಲುವುದು ತಪ್ಪುತ್ತದೆ.