ನಗರಸಭೆಯಿಂದ ಲೋಕಸಭೆಗೆ

ಬೀದಿಯ ನಲ್ಲಿ ಒಣಗಿದರೆ ನಮ್ಮ ಜನ ಸಂಸದರನ್ನು ಹುಡುಕುವುದಿಲ್ಲ. ಪಂಚಾಯಿತಿ ಸದಸ್ಯರ ಬಾಗಿಲು ತಟ್ಟುತ್ತಾರೆ. ಕತ್ತಲಗೆರೆಯಲ್ಲಾಗಲಿ ದಾವಣಗೆರೆಯ ವಾರ್ಡುಗಳಲ್ಲಾಗಲಿ ಇದು ಒಂದೇ. ಆದರೂ ಆ ಚಿಕ್ಕ ಸ್ಥಾನವನ್ನು ಕೊಳಕು ರಾಜಕೀಯವೆಂದು ಮೂಗು ಮುರಿಯುವವರು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಕಡಿಮೆಯಿಲ್ಲ. ಅಂಥವರು ದಿವಂಗತ ಶಾಮನೂರು ಶಿವಶಂಕರಪ್ಪನವರ ಸಾರ್ವಜನಿಕ ಜೀವನವನ್ನೊಮ್ಮೆ ಅವಲೋಕಿಸಬೇಕು.

1931ರ ಜೂನ್ 16ರಂದು ಜನಿಸಿದ ಅವರು 1970ರ ದಶಕದ ಆರಂಭದಲ್ಲಿ ದಾವಣಗೆರೆ ನಗರಸಭೆಯ ಅಧ್ಯಕ್ಷರಾದರು. ಆಗ ನಗರಸಭೆಗಳಿಗೆ ಸಂವಿಧಾನದ ಭದ್ರ ಆಸರೆಯಿರಲಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಚುನಾವಣೆ, ಇಲ್ಲವಾದರೆ ಆಡಳಿತಾಧಿಕಾರಿ. ಆ ಆಸರೆಯನ್ನಿತ್ತ 74ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್‌ನಲ್ಲಿ. ಮರುವರ್ಷ, ತಮ್ಮ ಅರುವತ್ತಮೂರನೆಯ ವಯಸ್ಸಿನಲ್ಲಿ, ಅವರು ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದರು. 1998ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಲೋಕಸಭೆಗೆ.

ದೆಹಲಿಯ ವಾಸ ಮಾತ್ರ ದೀರ್ಘವಾಗಲಿಲ್ಲ. 1999ರ ಏಪ್ರಿಲ್ 17ರಂದು ವಾಜಪೇಯಿಯವರ ಸರ್ಕಾರ ವಿಶ್ವಾಸಮತವನ್ನು 269ಕ್ಕೆ 270ರಂತೆ, ಒಂದೇ ಮತದಿಂದ ಕಳೆದುಕೊಂಡಿತು; ಹದಿಮೂರು ತಿಂಗಳ ಲೋಕಸಭೆ ವಿಸರ್ಜನೆಯಾಯಿತು. ಮುಂದಿನ ಚುನಾವಣೆಯಲ್ಲಿ ಕ್ಷೇತ್ರ ಭಾರತೀಯ ಜನತಾ ಪಕ್ಷದ ಜಿ. ಮಲ್ಲಿಕಾರ್ಜುನಪ್ಪನವರ ಪಾಲಾಯಿತು.

ಅಲ್ಲಿಗೆ ಅವರ ರಾಜಕೀಯ ಮುಗಿಯಬೇಕಿತ್ತು, ಮುಗಿಯಲಿಲ್ಲ. ದಾವಣಗೆರೆ ದಕ್ಷಿಣ ಕ್ಷೇತ್ರದಿಂದ 2008, 2013, 2018, 2023 ಹೀಗೆ ನಾಲ್ಕು ಬಾರಿ ಗೆದ್ದರು. ನಡುವೆ ತೋಟಗಾರಿಕೆ ಸಚಿವರಾದರು. ಕೊನೆಯ ಗೆಲುವಿನ ವೇಳೆಗೆ ವಯಸ್ಸು ತೊಂಬತ್ತೊಂದು. 2025ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗಲೂ ಶಾಸಕರೇ. ದೆಹಲಿ ಕೈಬಿಟ್ಟರೂ ಊರು ಬಿಡಲಿಲ್ಲವೆಂದರೆ ಅದರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಪಾಲೂ ದೊಡ್ಡದು. ಕಾಲೇಜು, ಆಸ್ಪತ್ರೆಗಳ ಬಲವುಳ್ಳವರಿಗೆ ಮತದ ಬಲ ಕೂಡಿಬರುವುದು ಸಹಜವೆಂಬ ಟೀಕೆಯನ್ನು ನಾವು ತಳ್ಳಿಹಾಕುವುದಿಲ್ಲ.

ಅವರು ಹುಟ್ಟಿದ ವರ್ಷವೇ, ಒಂದು ತಿಂಗಳು ಮೊದಲು, ಜಗದ್ಗುರು ಹನ್ನೊಂದನೆಯ ಪಿಯೂಸರು ತಮ್ಮ ವಿಶ್ವಪರಿಪತ್ರದಲ್ಲಿ, ಚಿಕ್ಕ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಕಾಕತಾಳೀಯವೇ ಸರಿ, ಆದರೆ ಗುರುಮಠದಲ್ಲಿ ಒಣ ಸೂತ್ರವಾಗಿ ಕಲಿತ ಈ ತತ್ತ್ವವು ನಮಗೆ ಅರ್ಥವಾದದ್ದು ಚರಂಡಿ, ನಲ್ಲಿಗಳ ಜಗಳಗಳನ್ನು ಕಂಡ ಮೇಲೆ.

2024ರಲ್ಲಿ ಇದೇ ದಾವಣಗೆರೆ ಲೋಕಸಭಾ ಕ್ಷೇತ್ರದಿಂದ ಅವರ ಸೊಸೆ, ದಂತವೈದ್ಯೆ ಪ್ರಭಾ ಮಲ್ಲಿಕಾರ್ಜುನ್ ಗೆದ್ದರು. ಮಾವನವರು ಕಾಲು ಶತಮಾನ ಸವೆಸಿದ ಹಾದಿಯನ್ನು ಅವರು ಮೊದಲ ಚುನಾವಣೆಯಲ್ಲೇ ಕ್ರಮಿಸಿದರು. ನಗರಸಭೆಯ ಮೆಟ್ಟಿಲು ಈ ಬಾರಿ ನಡುವೆ ಬರಲಿಲ್ಲ.