ತಾನೇ ತೆರೆಯುವ ಗೇಟು, ದೂರ ನೋಡಿದ ದಿವಾನ

1903ರಲ್ಲಿ, ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ವಿಶ್ವೇಶ್ವರಯ್ಯನವರು ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದರು. ಪ್ರವಾಹ ಗುರುತಿನ ಮಟ್ಟ ಮೀರಿದರೆ ಗೇಟು ತಾನಾಗಿ ಮೇಲೇಳುತ್ತದೆ, ನೀರು ತಗ್ಗಿದರೆ ಮುಚ್ಚಿಕೊಳ್ಳುತ್ತದೆ. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುತ್ತದೆ. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿ ಅವರು ಮಾಡಿದ್ದೂ ಇದನ್ನೇ ಎಂಬುದು ನನ್ನ ವಾದ: 1913ರ ಮೈಸೂರು ಬ್ಯಾಂಕ್ ನಾಡಿನ ಹಣವನ್ನೂ 1916ರ ವಿಶ್ವವಿದ್ಯಾನಿಲಯ ನಾಡಿನ ಪ್ರತಿಭೆಯನ್ನೂ ಇಲ್ಲೇ ಹಿಡಿದಿಟ್ಟವು.

ಎಲ್ಲವೂ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಬೆಂಬಲದಿಂದ ಆಯಿತಲ್ಲವೇ? ಹೌದು, ಆದರೆ ಯೋಜನೆಗಳನ್ನು ಹೊತ್ತು ತಂದು ಬೆನ್ನುಬಿಡದೆ ಮುಗಿಸಿದವರು ದಿವಾನರು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಹಿಂದುಳಿದವರಿಗೆ ಸರ್ಕಾರಿ ಹುದ್ದೆ ಮೀಸಲಿಡುವುದನ್ನು ಅವರು ಒಪ್ಪಲಿಲ್ಲ. ಅಲ್ಲಿ ಮೀಸಲಾತಿ ಬೇಕೆಂಬ ಮಹಾರಾಜರ ನಿಲುವೇ ಸರಿ. ಈ ವಿಷಯ ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾದದ್ದೂ ಅವರ ದಿವಾನಗಿರಿ ಮುಗಿದ 1918ರಲ್ಲೇ.