ಸುದ್ದಿಯಲ್ಲ, ನಮ್ಮ ಸಹೋದರ



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ, ವಿಶ್ವ ರೋಗಿಗಳ ದಿನ. ಅಂದು ಮನಸ್ಸಿನ ಕಾಯಿಲೆಯವರನ್ನೂ ನೆನೆಯೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ನಮ್ಮ ಮನೆಗಳಿಗೆ ಬರುವ ಪತ್ರಿಕೆಗಳಲ್ಲಿ ಅವರು ಕಾಣಸಿಗುವುದು ಹೆಚ್ಚಾಗಿ ಸಾವಿನ ಸುದ್ದಿಯಲ್ಲಿ. 'ಜೀವನದಲ್ಲಿ ಜಿಗುಪ್ಸೆಗೊಂಡು' ಎಂಬ ಒಂದೇ ಮಾತಿನಲ್ಲಿ ಬಾಳು ಮುಗಿಯುತ್ತದೆ. ಆ ನೋವಿಗೆ ಚಿಕಿತ್ಸೆಯಿದೆ ಎಂಬ ಮಾತು ಅಲ್ಲಿ ವಿರಳ.

ಸುದ್ದಿಗೂ ನಿಯಮವುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, ಚಿಕಿತ್ಸೆಯಲ್ಲಿರುವವರ ಫೋಟೋ, ವಿವರಗಳನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಸೂಚಿಸಿತು.

ಚಿಕಿತ್ಸೆಯ ಸುದ್ದಿ ದೂರದ್ದಲ್ಲ. ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಹಳ್ಳಿಗಳಿಗೆ ಮಾನಸಿಕ ಚಿಕಿತ್ಸೆ ಮುಟ್ಟಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ.

ಗೋರಿಗಳ ನಡುವೆ ಅಲೆಯುತ್ತಿದ್ದವನನ್ನು ಊರವರು ಸರಪಳಿಯಿಂದ ಬಿಗಿದರು. ಯೇಸುಸ್ವಾಮಿ ಅವನ ಹೆಸರು ಕೇಳಿದರು, ಗುಣಪಡಿಸಿ ಮನೆಗೆ ಕಳುಹಿಸಿದರು (ಮಾರ್ಕ 5). ಇದನ್ನೋದಿ ಕಾಯಿಲೆಯನ್ನೆಲ್ಲ ದೆವ್ವವೆನ್ನುವುದು ತಪ್ಪು. ಪ್ರಾರ್ಥಿಸಿ ಕಳುಹಿಸಿ, ವೈದ್ಯರ ಮಾತೆತ್ತದ ತಪ್ಪು ಗುರುಗಳಾದ ನಮ್ಮದೂ ಹೌದು.

ಸುದ್ದಿ ಓದಿ ಪಿಸುಗುಡುವ ಬದಲು ಆ ಮನೆಯ ಬಾಗಿಲು ತಟ್ಟೋಣ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ನ್ನು ತಿಳಿಸೋಣ. ಲೂರ್ದು ಮಾತೆ ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ.